ಜಮಖಂಡಿಯ ವಿಠ್ಠಲ ರಾಮಜಿ ಶಿಂದೆ: ಕೇರಿ ಮತ್ತು ಕಚೇರಿಯ ನಡುವೆ ನಿಂತ ಮನುಷ್ಯ

ರಬಕವಿ-ಬನಹಟ್ಟಿ ಅಂದ್ರೆ ಮಗ್ಗದ ಸದ್ದು ಮತ್ತು ಸೀರೆ. ಮುಧೋಳ ಅಂದ್ರೆ ರನ್ನ ಕವಿ ಮತ್ತು ಬೇಟೆ ನಾಯಿ. ಜಮಖಂಡಿ ಅಂದ್ರೆ ಪಟವರ್ಧನರ ಅರಮನೆ ಮತ್ತು ಕಬ್ಬು. ನಮ್ಮ ಕಡೆಯ ಊರುಗಳ ಬಗ್ಗೆ ಹಾಸ್ಟೆಲ್‌ನಲ್ಲಿ ಯಾರಾದರೂ ಕೇಳಿದರೆ ನಾವು ಹೇಳೋದು ಸಾಮಾನ್ಯವಾಗಿ ಇಷ್ಟೇ. ಈ ಪಟ್ಟಿಗೆ ಇನ್ನೊಂದು ಹೆಸರು ಸೇರಬೇಕು ಅನ್ನೋದು ನಮ್ಮ ಸಂಘದ ಆಸೆ. ಆ ಹೆಸರು ವಿಠ್ಠಲ ರಾಮಜಿ ಶಿಂದೆ. ಮಹಾರಾಷ್ಟ್ರದಲ್ಲಿ ಇವರನ್ನು ಮಹರ್ಷಿ ಶಿಂದೆ ಅಂತ ಕರೀತಾರೆ. ಇವರ ಜೀವನಚರಿತ್ರೆ ಬರೆದ ಗೋ. ಮಾ. ಪವಾರರ ಮರಾಠಿ ಪುಸ್ತಕಕ್ಕೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೆ ಈ ಮನುಷ್ಯ ಹುಟ್ಟಿದ್ದು, ಬೆಳೆದಿದ್ದು, ಮೊದಲು ಶಾಲೆಗೆ ಹೋಗಿದ್ದು ಎಲ್ಲಾ ನಮ್ಮ ಜಮಖಂಡಿಯಲ್ಲಿ.

ಈ ಸಂಚಿಕೆಗೆ ಇವರನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ ಇದೆ. ಯುರೋಪಿನಲ್ಲಿ ರೋಮಾ ಅನ್ನೋ ಸಮುದಾಯ ಇದೆ. ಸುಮಾರು ಸಾವಿರ ವರ್ಷದ ಹಿಂದೆ ಭಾರತದ ಕಡೆಯಿಂದ ವಲಸೆ ಹೋದವರು ಅಂತ ಅವರ ಭಾಷೆಯೇ ಹೇಳುತ್ತೆ. ಇವತ್ತಿಗೂ ಬಹಳ ಕಡೆ ಅವರು ಊರ ಹೊರಗೇ ಇದ್ದಾರೆ. ಅವರ ಮತ್ತು ನಗರಸಭೆಯ ನಡುವೆ ಕೆಲಸ ಮಾಡೋಕೆ ಮಧ್ಯಸ್ಥರನ್ನು ತಯಾರು ಮಾಡುವ ರೋಮೆಡ್ ಎಂಬ ಕಾರ್ಯಕ್ರಮವನ್ನು ಕೌನ್ಸಿಲ್ ಆಫ್ ಯುರೋಪ್ 2011ರಲ್ಲಿ ಶುರು ಮಾಡಿತು. ಶಾಲೆಗೆ ಮಕ್ಕಳನ್ನು ಸೇರಿಸೋದು, ಅರ್ಜಿ ಬರೆಸೋದು, ಕಚೇರಿಯವರಿಗೆ ಕೇರಿಯ ಕಷ್ಟ ತಿಳಿಸೋದು, ಕೇರಿಯವರಿಗೆ ಕಚೇರಿಯ ನಿಯಮ ತಿಳಿಸೋದು ಅವರ ಕೆಲಸ. ಇದನ್ನು ಓದುವಾಗ ನಮಗೆ ನೆನಪಾದವರು ಶಿಂದೆಯವರು. ಇಂಥ ಕೆಲಸವನ್ನು ಅವರು ನೂರು ವರ್ಷಕ್ಕೂ ಹಿಂದೆ, ಯಾವ ಹುದ್ದೆಯ ಹೆಸರೂ ಇಲ್ಲದೆ ಮಾಡಿದ್ದರು.

ಜಮಖಂಡಿಯ ಮನೆ

1873ರ ಏಪ್ರಿಲ್ 23ರಂದು ಅವರು ಹುಟ್ಟಿದಾಗ ಜಮಖಂಡಿ ಒಂದು ಪುಟ್ಟ ಸಂಸ್ಥಾನ. ಪಟವರ್ಧನರು ರಾಜರು. ಪಕ್ಕದ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅಂದ್ರೆ ಇವತ್ತು ನಾವು ಬಸ್ಸಿನಲ್ಲಿ ಸಲೀಸಾಗಿ ಓಡಾಡುವ ಊರುಗಳ ನಡುವೆ ಆಗ ರಾಜ್ಯದ ಗಡಿ ಇತ್ತು. ದರ್ಬಾರಿನಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಶಿಂದೆಯವರ ಮನೆಮಾತು ಮರಾಠಿ, ಆದರೆ ಸುತ್ತಲಿನ ಮಾತು ಕನ್ನಡ. ಎರಡು ಭಾಷೆಯ ನಡುವೆ ಬೆಳೆದ ಈ ಹುಡುಗ ಮುಂದೆ ಕನ್ನಡ ಮತ್ತು ಮರಾಠಿಯ ಸಂಬಂಧದ ಬಗ್ಗೆ ಅಭ್ಯಾಸ ಮಾಡಿ ಲೇಖನಗಳನ್ನೂ ಬರೆದರು.

ತಂದೆ ರಾಮಜಿ ಸಂಸ್ಥಾನದ ನೌಕರಿಯಲ್ಲಿದ್ದವರು, ಪಂಢರಪುರದ ವಾರಕರಿ ಭಕ್ತರು. ತಾಯಿ ಯಮುನಾಬಾಯಿ. ಜಾತಿಯಲ್ಲಿ ಮರಾಠರು. ಮನೆಗೆ ಬಂದವರ ಜಾತಿ ಕೇಳಿ ಊಟಕ್ಕೆ ಇಕ್ಕುವ ಪದ್ಧತಿ ಆ ಮನೆಯಲ್ಲಿ ಅಷ್ಟಾಗಿ ಇರ್ಲಿಲ್ಲ. ತಮ್ಮ ಮನಸ್ಸು ರೂಪುಗೊಂಡಿದ್ದು ಅಲ್ಲೇ ಅಂತ ಶಿಂದೆಯವರು ಮುಂದೆ ನೆನೆಸಿಕೊಂಡಿದ್ದಾರೆ. ಆಗಿನ ರೂಢಿಯಂತೆ ಚಿಕ್ಕ ವಯಸ್ಸಿನಲ್ಲೇ ರುಕ್ಮಿಣಿಯವರ ಜೊತೆ ಮದುವೆ ಆಯ್ತು. ಮನೆಯ ಸ್ಥಿತಿ ನಿಧಾನಕ್ಕೆ ಬಡತನಕ್ಕೆ ಇಳಿಯಿತು.

ಇವರ ತಂಗಿ ಜನಾಬಾಯಿ, ಎಲ್ಲರ ಬಾಯಲ್ಲಿ ಜನಕ್ಕ. ಗಂಡನ ಮನೆಯಲ್ಲಿ ಆಕೆಗೆ ಬಹಳ ಹಿಂಸೆ ಆಗಿತ್ತು. ಹೆಣ್ಣುಮಗಳು ಹೇಗಿದ್ರೂ ಅಲ್ಲೇ ಇರಬೇಕು ಅನ್ನೋ ಕಾಲ ಅದು. ಶಿಂದೆ ತಂಗಿಯನ್ನು ಕರ್ಕೊಂಡು ಬಂದು ಪುಣೆಯಲ್ಲಿ ಓದಿಸಿದರು. ಮುಂದೆ ಇದೇ ಜನಕ್ಕ ಅಣ್ಣನ ಸಂಸ್ಥೆಯ ಶಾಲೆಯಲ್ಲಿ ಕಲಿಸುತ್ತಾ, ಅದರ ಬೆನ್ನೆಲುಬಾಗಿ ನಿಂತರು. ಶಿಂದೆಯವರ ಹೆಸರು ಹೇಳಿದ ಕಡೆಯೆಲ್ಲಾ ಜನಕ್ಕನ ಹೆಸರೂ ಬರಬೇಕು.

ಪುಣೆ, ಮುಂಬೈ, ಆಕ್ಸ್‌ಫರ್ಡ್

ಜಮಖಂಡಿಯಲ್ಲಿ ಮೆಟ್ರಿಕ್ ಮುಗಿಸಿ ಶಿಂದೆ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು. ಓದೋಕೆ ದುಡ್ಡಿರ್ಲಿಲ್ಲ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಕೈ ಹಿಡಿಯಿತು. ಕೆಲವು ವರ್ಷಗಳ ನಂತರ ಅಂಬೇಡ್ಕರ್ ಅವರನ್ನು ಅಮೆರಿಕಕ್ಕೆ ಕಳಿಸಿದ್ದೂ ಇದೇ ಮಹಾರಾಜರು. 1898ರಲ್ಲಿ ಬಿ.ಎ. ಆಯ್ತು. ಮುಂಬೈಗೆ ಹೋಗಿ ಕಾನೂನು ಓದಲು ಶುರು ಮಾಡಿದರು. ವಕೀಲರಾಗಿದ್ದರೆ ಮನೆಯ ಬಡತನ ತೀರುತ್ತಿತ್ತು. ಆದರೆ ಅಷ್ಟರಲ್ಲಿ ಅವರು ಪ್ರಾರ್ಥನಾ ಸಮಾಜದ ಒಳಗೆ ಬಂದಿದ್ದರು. ರಾನಡೆ, ಭಂಡಾರ್ಕರ್ ಅಂಥವರಿದ್ದ, ವಿಗ್ರಹ ಮತ್ತು ಜಾತಿಯನ್ನು ಬಿಟ್ಟು ಒಬ್ಬನೇ ದೇವರನ್ನು ನಂಬುವ ಸುಧಾರಕರ ಕೂಟ ಅದು. ಶಿಂದೆ ಕಾನೂನು ಬಿಟ್ಟರು.

1901ರಲ್ಲಿ ಇಂಗ್ಲೆಂಡಿನ ಯೂನಿಟೇರಿಯನ್ ಕ್ರೈಸ್ತರ ಸಹಾಯಧನದ ಮೇಲೆ ಆಕ್ಸ್‌ಫರ್ಡ್‌ನ ಮ್ಯಾಂಚೆಸ್ಟರ್ ಕಾಲೇಜಿಗೆ ಹೋದರು. ಅಲ್ಲಿ ಎರಡು ವರ್ಷ ಧರ್ಮಗಳ ತೌಲನಿಕ ಅಧ್ಯಯನ. ಪುಸ್ತಕದ ಓದಿನ ಜೊತೆಗೆ ಇನ್ನೊಂದನ್ನೂ ನೋಡಿದರು. ಇಂಗ್ಲೆಂಡಿನ ಊರುಗಳ ಬಡ ಓಣಿಗಳಲ್ಲಿ ಅಲ್ಲಿನ ಚರ್ಚಿನವರು ಬರೀ ಉಪದೇಶ ಮಾಡದೆ ಶಾಲೆ, ದವಾಖಾನೆ ಅಂತ ಕೆಲಸ ನಡೆಸುತ್ತಿದ್ದರು. 1903ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಉದಾರ ಧರ್ಮಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾರತದ ಬಗ್ಗೆ ಪ್ರಬಂಧ ಓದಿ, ಅದೇ ವರ್ಷ ವಾಪಸ್ ಬಂದರು.

ಬಂದವರು ಪ್ರಾರ್ಥನಾ ಸಮಾಜದ ಪ್ರಚಾರಕರಾಗಿ ಊರೂರು ಸುತ್ತಿದರು. ಸುತ್ತುವಾಗ 1901ರ ಜನಗಣತಿಯ ಅಂಕಿಗಳನ್ನು ಹಿಡಿದು ಅಸ್ಪೃಶ್ಯರ ಸಂಖ್ಯೆ ಎಷ್ಟು, ಯಾವ ಪ್ರಾಂತದಲ್ಲಿ ಎಷ್ಟು ಅಂತ ಲೆಕ್ಕ ಹಾಕಿದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೊದಲು ಡೇಟಾ ಕಲೆ ಹಾಕಿದರು. ಕೋಟಿಗಟ್ಟಲೆ ಜನ, ಅವರಿಗೆ ಬಾವಿಯ ನೀರಿಲ್ಲ, ಶಾಲೆ ಇಲ್ಲ, ಗುಡಿ ಇಲ್ಲ. 1905ರಲ್ಲಿ ಅಹ್ಮದ್‌ನಗರದ ಹತ್ತಿರದ ಭಿಂಗಾರದಲ್ಲಿ ಮಹಾರ್ ಸಮುದಾಯದವರು ರಾತ್ರಿ ಒಂದು ಸಭೆಗೆ ಇವರನ್ನು ಕರೆದರು. ಆ ಸಭೆಯಿಂದ ಎದ್ದು ಬರುವಾಗ ಇನ್ನು ಮುಂದೆ ತನ್ನ ಬದುಕು ಇದೇ ಕೆಲಸಕ್ಕೆ ಅಂತ ತೀರ್ಮಾನ ಮಾಡಿಕೊಂಡಿದ್ದರು.

ಪರೇಲ್‌ನ ಶಾಲೆ

1906ರ ಅಕ್ಟೋಬರ್ 18ರಂದು ಮುಂಬೈನ ಗಿರಣಿ ಕಾರ್ಮಿಕರ ಪ್ರದೇಶ ಪರೇಲ್‌ನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುವಾಯಿತು. ಆಗ ಸರ್ಕಾರಿ ಕಾಗದದಲ್ಲಿ ಅಸ್ಪೃಶ್ಯರನ್ನು ಡಿಪ್ರೆಸ್ಡ್ ಕ್ಲಾಸಸ್ ಅಂತ ಬರೀತಿದ್ದರು. ನ್ಯಾಯಮೂರ್ತಿ ನಾರಾಯಣ ಚಂದಾವರ್ಕರ್ ಅಧ್ಯಕ್ಷರು, ಶಿಂದೆ ಕಾರ್ಯದರ್ಶಿ.

ಕೆಲಸ ಅಂದ್ರೆ ಭಾಷಣ ಆಗಿರ್ಲಿಲ್ಲ. ಹಗಲು ಶಾಲೆ, ದುಡಿಯುವವರಿಗೆ ರಾತ್ರಿ ಶಾಲೆ, ದವಾಖಾನೆ, ಹೊಲಿಗೆ ಮತ್ತು ಪುಸ್ತಕ ಕಟ್ಟುವ ಕೆಲಸದ ತರಬೇತಿ, ಹೊರಊರಿನ ಮಕ್ಕಳಿಗೆ ವಸತಿಗೃಹ. ಓದಿಸಿದರೆ ಸಾಲದು, ಕೈಯಲ್ಲಿ ಒಂದು ಕಸುಬೂ ಇರಬೇಕು ಅನ್ನೋದು ಅವರ ಯೋಚನೆ. ಶಿಂದೆಯವರ ಇಡೀ ಮನೆಯೇ ಈ ಕೆಲಸಕ್ಕೆ ಬಂತು. ವಯಸ್ಸಾದ ತಂದೆ ತಾಯಿ, ಹೆಂಡತಿ ರುಕ್ಮಿಣಿ, ತಂಗಿ ಜನಕ್ಕ ಎಲ್ಲರೂ ಮಿಷನ್ನಿನ ಜಾಗದಲ್ಲೇ, ಆ ಮಕ್ಕಳ ಜೊತೆಗೇ ಬಾಳಿದರು. ಜಾತಿ ಬಿಟ್ಟವರು ಅಂತ ಹೊರಗಿನವರು ಮಾತಾಡಿಕೊಂಡರು. ಅದು ಆಗಿನ ಕಾಲದಲ್ಲಿ ಸಣ್ಣ ಮಾತಲ್ಲ. ಮದುವೆ, ಸಾವು, ಸಂಬಂಧ ಎಲ್ಲದರಲ್ಲೂ ಅದರ ಬೆಲೆ ಕೊಡಬೇಕಿತ್ತು.

ಮಿಷನ್ನಿನ ಶಾಖೆಗಳು ಬೇರೆ ಊರುಗಳಿಗೂ ಹಬ್ಬಿದವು. ಪುಣೆಯ ಜೊತೆಗೆ ನಮ್ಮ ಹುಬ್ಬಳ್ಳಿ, ಬೆಂಗಳೂರು, ಮಂಗಳೂರು ಕೂಡ ಅದರಲ್ಲಿದ್ದವು. ಮಂಗಳೂರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅಲ್ಲಿ ಕಾಸರಗೋಡು ಕಡೆಯ ಕುದ್ಮುಲ್ ರಂಗರಾಯರು 1897ರಲ್ಲೇ ಇದೇ ಹೆಸರಿನ ಸಂಸ್ಥೆ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ದಲಿತರೇ ಮುನಿಸಿಪಾಲಿಟಿ ಮತ್ತು ಜಿಲ್ಲಾ ಬೋರ್ಡಿನಲ್ಲಿ ಕೂರಬೇಕು ಅಂತಲೂ ದುಡಿದರು. ಹಾಗಾಗಿ ಈ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಇಬ್ಬರು ಹಿರಿಯರು. ಕರಾವಳಿಯಲ್ಲಿ ರಂಗರಾಯರು, ಕೃಷ್ಣಾ ತೀರದಿಂದ ಹೊರಟ ಶಿಂದೆಯವರು.

ಮುನಿಸಿಪಾಲಿಟಿಯ ಬಾಗಿಲಲ್ಲಿ

1912ರ ಹೊತ್ತಿಗೆ ಶಿಂದೆ ಪುಣೆಗೆ ಬಂದು ನೆಲೆಸಿದರು. ಆ ವರ್ಷ ಪುಣೆಯಲ್ಲಿ ಅಸ್ಪೃಶ್ಯತಾ ನಿವಾರಣೆಯ ಪರಿಷತ್ತು ನಡೆಯಿತು. ಸಂಸ್ಕೃತ ವಿದ್ವಾಂಸ ರಾ. ಗೋ. ಭಂಡಾರ್ಕರ್ ಅಧ್ಯಕ್ಷರು. ಇಲ್ಲಿಂದ ಶಿಂದೆಯವರ ಕೆಲಸದ ರೀತಿ ಸ್ವಲ್ಪ ಬದಲಾಯಿತು. ದಾನದ ದುಡ್ಡಿನಲ್ಲಿ ಎಷ್ಟು ಶಾಲೆ ನಡೆಸೋಕೆ ಆಗುತ್ತೆ? ಊರಿನ ತೆರಿಗೆಯಲ್ಲಿ ಈ ಜನರ ಪಾಲೂ ಇದೆ ತಾನೆ? ಹಾಗಾಗಿ ಮುನಿಸಿಪಾಲಿಟಿ, ಸರ್ಕಾರ, ಕಾಂಗ್ರೆಸ್ ಹೀಗೆ ಅಧಿಕಾರ ಇರುವ ಎಲ್ಲಾ ಕಡೆ ಹೋಗಿ ಬಾಗಿಲು ತಟ್ಟೋದು ಶುರುವಾಯಿತು.

ಪುಣೆಯ ಮುನಿಸಿಪಾಲಿಟಿಯಿಂದ ಭೋಕರವಾಡಿಯಲ್ಲಿ ಜಾಗ ಸಿಕ್ಕಿತು. ಇಂದೋರಿನ ಹೋಳ್ಕರ್ ಮಹಾರಾಜರ ದೇಣಿಗೆಯಿಂದ ಅಲ್ಲಿ ಕಟ್ಟಡ ಎದ್ದಿತು. ರಾಣಿ ಅಹಲ್ಯಾಬಾಯಿಯ ನೆನಪಿಗೆ ಅದಕ್ಕೆ ಅಹಿಲ್ಯಾಶ್ರಮ ಅಂತ ಹೆಸರಿಟ್ಟರು.

ಇನ್ನೊಂದು ಹೋರಾಟ ಹುಡುಗಿಯರ ಓದಿನದು. ವಿಠ್ಠಲಭಾಯಿ ಪಟೇಲರು ತಂದ 1918ರ ಕಾಯ್ದೆಯ ಪ್ರಕಾರ ಮುಂಬೈ ಪ್ರಾಂತದ ಮುನಿಸಿಪಾಲಿಟಿಗಳು ತಮ್ಮ ಊರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬಹುದಿತ್ತು. ಪುಣೆಯಲ್ಲಿ ಚರ್ಚೆ ಎದ್ದಿತು. ದುಡ್ಡು ಸಾಲದು, ಸದ್ಯಕ್ಕೆ ಹುಡುಗರಿಗೆ ಮಾತ್ರ ಕಡ್ಡಾಯ ಮಾಡೋಣ ಅಂದವರು ಬಹಳ ಜನ. ರಮಾಬಾಯಿ ರಾನಡೆಯವರ ಮುಂದಾಳತ್ವದಲ್ಲಿ ಹೆಂಗಸರು ಬೀದಿಗಿಳಿದರು. ಶಿಂದೆ ಹುಡುಗಿಯರ ಪರ ಗಟ್ಟಿಯಾಗಿ ನಿಂತರು. ಬಜೆಟ್ ಸಾಲದಾಗ ಮೊದಲು ಯಾರ ಹೆಸರು ಹೊಡೆದುಹಾಕ್ತಾರೆ ಅನ್ನೋದನ್ನು ನೋಡಿದ್ರೆ ಆ ಊರು ಯಾರನ್ನು ತನ್ನವರು ಅಂದುಕೊಂಡಿದೆ ಅಂತ ಗೊತ್ತಾಗುತ್ತೆ. ಇವತ್ತಿನ ವಾರ್ಡ್ ಸಭೆಗೂ ಈ ಮಾತು ಸಲ್ಲುತ್ತೆ.

1917ರ ಕಲಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಅಸ್ಪೃಶ್ಯರ ಮೇಲಿನ ನಿರ್ಬಂಧಗಳನ್ನು ತೆಗೆಯಬೇಕು ಅನ್ನುವ ನಿರ್ಣಯ ಪಾಸಾಯಿತು. ಅಲ್ಲಿವರೆಗೆ ಕಾಂಗ್ರೆಸ್ ಸಾಮಾಜಿಕ ವಿಷಯ ನಮಗೆ ಸಂಬಂಧ ಇಲ್ಲ ಅಂತ ದೂರ ಇಟ್ಟಿತ್ತು. ಆ ನಿರ್ಣಯದ ಹಿಂದೆ ಶಿಂದೆಯವರ ಓಡಾಟ ಬಹಳ ಇತ್ತು. 1918ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಅಖಿಲ ಭಾರತ ಅಸ್ಪೃಶ್ಯತಾ ನಿವಾರಣಾ ಪರಿಷತ್ತು. ಸಯಾಜಿರಾವ್ ಅಧ್ಯಕ್ಷರು. ತಿಲಕರು ಬಂದು ಅಸ್ಪೃಶ್ಯತೆಯ ವಿರುದ್ಧ ಜೋರಾಗಿ ಮಾತಾಡಿದರು. ಆದರೆ ತಮ್ಮ ಸ್ವಂತ ಬದುಕಿನಲ್ಲಿ ಅಸ್ಪೃಶ್ಯತೆ ಆಚರಿಸುವುದಿಲ್ಲ ಅನ್ನುವ ಹೇಳಿಕೆಗೆ ಸಹಿ ಕೇಳಿದಾಗ ಸಹಿ ಹಾಕಲಿಲ್ಲ. ವೇದಿಕೆಗೂ ಸಹಿಗೂ ಎಷ್ಟು ದೂರ ಅಂತ ಶಿಂದೆ ಅವತ್ತು ನೋಡಿದರು.

ನಿರ್ಣಯಕ್ಕೂ ನೀರಿಗೂ ಇರುವ ದೂರ ಇನ್ನೂ ಹೆಚ್ಚು. 1923ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಸೀ. ಕೆ. ಬೋಲೆಯವರ ನಿರ್ಣಯ ಪಾಸಾಗಿ, ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತಾಯಿತು. ಮಹಾಡ್ ಪಟ್ಟಣದ ಮುನಿಸಿಪಾಲಿಟಿ 1924ರಲ್ಲಿ ತನ್ನ ಕೆರೆಯನ್ನೂ ಕಾಗದದ ಮೇಲೆ ತೆರೆಯಿತು. ಒಬ್ಬರೂ ನೀರು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದ ಮೇಲೆ ಆ ಕಾಗದಕ್ಕೆ ಅರ್ಥ ಬಂತು, ಅದೂ ಪೆಟ್ಟು ತಿಂದು.

ಯಾರ ಪರವಾಗಿ ಯಾರು ಮಾತಾಡಬೇಕು?

ಶಿಂದೆಯವರ ಬದುಕಿನ ಅತ್ಯಂತ ಕಷ್ಟದ ಭಾಗ ಇದು. ಹೊಗಳುವ ಭರದಲ್ಲಿ ಇದನ್ನು ಹಾರಿಸಿಬಿಡೋದು ಸರಿಯಲ್ಲ ಅಂತ ನಮಗನ್ನಿಸಿತು.

1919ರಲ್ಲಿ ಯಾರಿಗೆ ಮತದ ಹಕ್ಕು ಕೊಡಬೇಕು ಅಂತ ನೋಡೋಕೆ ಸೌತ್‌ಬರೋ ಸಮಿತಿ ಬಂತು. ಶಿಂದೆಯವರೂ ಅದರ ಮುಂದೆ ಹೇಳಿಕೆ ಕೊಟ್ಟರು, ಆಗ ಇನ್ನೂ 27 ವರ್ಷದ ಅಂಬೇಡ್ಕರ್ ಅವರೂ ಕೊಟ್ಟರು. ಶಾಸನ ಸಭೆಗೆ ಆರಿಸಿ ಬಂದ ಸದಸ್ಯರೇ ಅಸ್ಪೃಶ್ಯರ ಪ್ರತಿನಿಧಿಗಳನ್ನು ಸೇರಿಸಿಕೊಳ್ಳಲಿ ಅನ್ನೋದು ಮಿಷನ್ನಿನ ಯೋಜನೆ. ಅಂಬೇಡ್ಕರ್ ಇದನ್ನು ಒಪ್ಪಲೇ ಇಲ್ಲ. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸಬೇಕು, ನಮ್ಮನ್ನು ಇಷ್ಟು ದಿನ ಹೊರಗಿಟ್ಟವರು ಆರಿಸೋದಲ್ಲ ಅನ್ನೋದು ಅವರ ವಾದದ ಸಾರ. 1920ರಲ್ಲಿ ನಾಗ್ಪುರದಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರ ಅಧ್ಯಕ್ಷತೆಯಲ್ಲಿ ನಡೆದ ಪರಿಷತ್ತಿನಲ್ಲಿ ಮಿಷನ್ನಿನ ಈ ನಿಲುವನ್ನು ಖಂಡಿಸಲಾಯಿತು.

ಯೋಚನೆ ಮಾಡಿ. ಹದಿಮೂರು ಹದಿನಾಲ್ಕು ವರ್ಷ ಮನೆಮಂದಿಯನ್ನೆಲ್ಲಾ ತಂದು ಕೇರಿಯಲ್ಲಿ ಇಟ್ಟವರಿಗೆ, ಅದೇ ಕೇರಿಯ ಓದಿದ ಯುವಕರು ನೀವು ನಮ್ಮ ಪರ ಮಾತಾಡೋದು ಬೇಡ ಅಂದರು. ಶಿಂದೆಯವರಿಗೆ ನೋವಾಗಿರಲೇಬೇಕು. ಆದರೂ ವಾದದ ಮಟ್ಟಿಗೆ ಅಂಬೇಡ್ಕರ್ ಹೇಳಿದ್ದು ಸರಿ ಅಂತಲೇ ನಮಗನ್ನಿಸುತ್ತೆ. ಬೇರೆಯವರ ದಯೆಯಿಂದ ಸಿಕ್ಕ ಕುರ್ಚಿಯನ್ನು ಅವರು ಬೇಕಾದಾಗ ಎಳೆದುಕೊಳ್ಳಬಹುದು. ಅಂತೂ 1920ರ ಚುನಾವಣೆಯಲ್ಲಿ ಮುಂಬೈ ಪ್ರಾಂತದ ಅಸ್ಪೃಶ್ಯರಿಗೆ ತಾವೇ ಆರಿಸುವ ಸ್ಥಾನ ಸಿಗಲಿಲ್ಲ. ಸರ್ಕಾರದ ನಾಮನಿರ್ದೇಶನವೇ ಗತಿಯಾಯಿತು.

ಅದೇ ಚುನಾವಣೆಯಲ್ಲಿ ಶಿಂದೆ ತಾವೂ ನಿಂತರು. ಮರಾಠರಿಗೆ ಮೀಸಲು ಸ್ಥಾನಗಳಿದ್ದವು. ಅಲ್ಲಿ ನಿಂತಿದ್ದರೆ ಗೆಲುವು ಸುಲಭ ಇತ್ತು. ಜಾತಿಯ ಹೆಸರಲ್ಲಿ ಕೌನ್ಸಿಲ್‌ಗೆ ಹೋಗಲ್ಲ ಅಂತ ಪುಣೆಯ ಸಾಮಾನ್ಯ ಕ್ಷೇತ್ರದಲ್ಲಿ ಬಹುಜನ ಪಕ್ಷದ ಹೆಸರಿನಲ್ಲಿ ನಿಂತು ಸೋತರು. ಮರಾಠರಿಗೆ ಇವರು ಸ್ವಜಾತಿಯವರ ಜೊತೆ ನಿಲ್ಲದವರು. ಪುಣೆಯ ಮೇಲ್ಜಾತಿಯವರಿಗೆ ಅಸ್ಪೃಶ್ಯರ ಜೊತೆ ಉಂಡವರು. ಅಸ್ಪೃಶ್ಯ ಯುವಕರಿಗೆ ಹೊರಗಿನವರು. ನಡುವೆ ನಿಂತವರಿಗೆ ಎಲ್ಲಾ ಕಡೆಯಿಂದಲೂ ಮಾತು.

1923ರಲ್ಲಿ ಅವರು ತಾವೇ ಕಟ್ಟಿದ ಮಿಷನ್ನಿನ ಹೊಣೆ ಬಿಟ್ಟುಕೊಟ್ಟರು. ಅದು ಇನ್ನು ಆ ಸಮುದಾಯದವರ ಕೈಯಲ್ಲೇ ಇರಲಿ ಅಂದರು. ಸಂಸ್ಥೆ ಕಟ್ಟಿದವರು ಸಾಯೋವರೆಗೂ ಕುರ್ಚಿ ಬಿಡದ ನಮ್ಮ ದೇಶದಲ್ಲಿ ಇದನ್ನು ದೊಡ್ಡ ಕೆಲಸ ಅಂತ ನಾವು ಎಣಿಸುತ್ತೇವೆ. ಸೋತು ಬಿಟ್ಟರೋ, ಅರ್ಥ ಮಾಡಿಕೊಂಡು ಬಿಟ್ಟರೋ? ಎರಡೂ ಸೇರಿರಬಹುದು. ಆದರೆ ಬಿಟ್ಟರು.

ಕೊನೆಯ ವರ್ಷಗಳು

ಆಮೇಲೆ ಅವರು ಕೈಕಟ್ಟಿ ಕೂರಲಿಲ್ಲ. 1924ರಲ್ಲಿ ಮಂಗಳೂರಿನ ಬ್ರಾಹ್ಮ ಸಮಾಜದ ಆಚಾರ್ಯರಾಗಿ ಮತ್ತೆ ಕನ್ನಡದ ನೆಲಕ್ಕೆ ಬಂದರು. ಮುಂದೆ ರೈತರ ಪರಿಷತ್ತುಗಳಲ್ಲಿ ದುಡಿದರು. ಸಣ್ಣ ಹಿಡುವಳಿದಾರರ ಜಮೀನಿಗೆ ಕುತ್ತು ತರುವಂತಿದ್ದ ಮಸೂದೆಯನ್ನು 1928ರಲ್ಲಿ ರೈತರು ವಿರೋಧಿಸಿದಾಗ ಮುಂಚೂಣಿಯಲ್ಲಿದ್ದರು. ಸರ್ಕಾರ ಅದನ್ನು ಕೈಬಿಡಬೇಕಾಯಿತು. 1930ರ ಕಾಯ್ದೆಭಂಗ ಚಳವಳಿಯಲ್ಲಿ, 57ನೇ ವಯಸ್ಸಿನಲ್ಲಿ, ಆರು ತಿಂಗಳ ಶಿಕ್ಷೆಯಾಗಿ ಯರವಾಡಾ ಜೈಲಿಗೆ ಹೋದರು. ಅಲ್ಲಿ ತಮ್ಮ ನೆನಪುಗಳನ್ನು ಬರೆಯಲು ಶುರು ಮಾಡಿದರು. 1933ರಲ್ಲಿ ಭಾರತದ ಅಸ್ಪೃಶ್ಯತೆಯ ಪ್ರಶ್ನೆಯನ್ನು ಕುರಿತು ಮರಾಠಿಯಲ್ಲಿ ದೊಡ್ಡ ಪುಸ್ತಕ ಹೊರತಂದರು. ಅಸ್ಪೃಶ್ಯತೆಯ ಮೂಲ ಎಲ್ಲಿ ಅಂತ ಇತಿಹಾಸ, ಭಾಷೆ, ಸಮಾಜ ಮೂರನ್ನೂ ಇಟ್ಟುಕೊಂಡು ಹುಡುಕಿದ ಕೆಲಸ ಅದು. 1944ರ ಜನವರಿ 2ರಂದು ಪುಣೆಯಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ನೋಡಲಿಲ್ಲ. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿಯನ್ನೂ ನೋಡಲಿಲ್ಲ.

ನಮಗೆ ಇದರಿಂದ ಏನು?

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳ ನಂತರ ಗ್ರಾಮ ಪಂಚಾಯ್ತಿಯಲ್ಲೂ ನಗರಸಭೆಯಲ್ಲೂ ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ. ಅಂಬೇಡ್ಕರ್ ಕೇಳಿದ ಹಾಗೆ ಕುರ್ಚಿ ಈಗ ಹಕ್ಕು, ದಯೆ ಅಲ್ಲ. ಆದರೆ ಶಿಂದೆ ಮಾಡುತ್ತಿದ್ದ ಕೆಲಸ ಮುಗಿದಿದೆಯಾ? ಊರ ಹೊರಗೆ ಗುಡಾರ ಹಾಕಿಕೊಂಡು ಇರುವ ಅಲೆಮಾರಿ ಕುಟುಂಬಕ್ಕೆ ಕಾಯಂ ವಿಳಾಸ ಇಲ್ಲ. ವಿಳಾಸ ಇಲ್ಲದಿದ್ದರೆ ರೇಷನ್ ಕಾರ್ಡಿಗೆ ಕಷ್ಟ, ಜಾತಿ ಪ್ರಮಾಣಪತ್ರಕ್ಕೆ ಕಷ್ಟ. ಅರ್ಜಿ ಈಗ ಆನ್‌ಲೈನ್. ಅದರಲ್ಲಿ ಪಿನ್‌ಕೋಡ್ ಹಾಕದಿದ್ರೆ ಮುಂದಿನ ಪುಟವೇ ತೆರೆಯಲ್ಲ. ಮೊದಲು ಬಾವಿಯ ಹತ್ತಿರ ತಡೆಯುತ್ತಿದ್ದ ಮನುಷ್ಯನ ಜಾಗದಲ್ಲಿ ಈಗ ಕೆಂಪು ನಕ್ಷತ್ರದ ಗುರುತು ಇರುವ ಒಂದು ಖಾಲಿ ಚೌಕ ಇದೆ. ಆ ಚೌಕವನ್ನು ಮುಂದೆ ಬರೆಯೋರು ನಾವೇ, ಕಂಪ್ಯೂಟರ್ ಸೈನ್ಸ್ ಹುಡುಗ ಹುಡುಗಿಯರು. ನೀರಿನ ಪೈಪು ಯಾವ ಓಣಿವರೆಗೆ ಹೋಗಬೇಕು ಅಂತ ನಕ್ಷೆ ಎಳೆಯೋರು ನಮ್ಮ ಸಿವಿಲ್ ಗೆಳೆಯರು.

ಶಿಂದೆಯವರ ಬದುಕಿನಿಂದ ನಾವು ಎರಡು ಮಾತು ಎತ್ತಿಟ್ಟುಕೊಂಡಿದ್ದೇವೆ. ಮೊದಲನೆಯದು, ಕೇರಿಗೆ ಹೋಗಿ ಕೂತು, ಲೆಕ್ಕ ತೆಗೆದು, ಆಮೇಲೆ ಕಚೇರಿಯ ಬಾಗಿಲು ತಟ್ಟಬೇಕು. ಎರಡನೆಯದು, ಆ ಕೇರಿಯವರು ತಾವೇ ಮಾತಾಡೋಕೆ ಎದ್ದ ದಿನ ನಾವು ಪಕ್ಕಕ್ಕೆ ಸರಿಯಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಅವರಿಗೂ ಅದು ಸುಲಭ ಇರ್ಲಿಲ್ಲ.

ಮುಂದಿನ ಸಲ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ರಬಕವಿ ಬಸ್ಸಿಗೆ ಕಾಯೋವಾಗ ಪಕ್ಕದಲ್ಲಿ ಕೂತ ಹಿರಿಯರನ್ನು ಶಿಂದೆಯವರ ಬಗ್ಗೆ ಒಂದು ಮಾತು ಕೇಳಿ ನೋಡಿ. ಗೊತ್ತಿದ್ದರೆ ಕೇಳಿಸಿಕೊಳ್ಳಿ. ಗೊತ್ತಿಲ್ಲದಿದ್ದರೆ ಬಸ್ ಬರೋ ತನಕ ನೀವೇ ಹೇಳಿ.